ರೈಸ್ ಮಿಲ್ಲಿನ ಮೇಲೆ ಆರು ತಿಂಗಳು

ಕಳೆದ ವಾರ ಗೆಳತಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನವೆಂದು ಕಂಪ್ಲಿಗೆ ಹೋಗಿದ್ದೆ. ಬಸ್ಸು ಊರೊಳಗೆ ತಿರುಗುವ ಮುಂಚೆ, ರೈಸ್ ಮಿಲ್ಲುಗಳ ಸಾಲು ಶುರುವಾಗುವಲ್ಲಿ, ಕಿಟಕಿಯಿಂದ ಬೆಚ್ಚನೆಯ ವಾಸನೆಯೊಂದು ಒಳಗೆ ಬಂತು. ಭತ್ತವನ್ನು ಹಬೆಯಲ್ಲಿ ಬೇಯಿಸುವಾಗ ಏಳುವ ವಾಸನೆ. ಹೊಸಬರಿಗೆ ಅದು ಹಿಡಿಸುವುದಿಲ್ಲ, ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಕಣ್ಣು ತುಂಬಿ ಬಂತು. ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ, "ಯಾಕವಾ, ಕಣ್ಣಾಗ ಹೊಟ್ಟು ಬಿತ್ತೇನು?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಕೆಲವು ವರ್ಷಗಳ ಹಿಂದೆ ಆ ಸಾಲಿನಲ್ಲೇ ಒಂದು ಮಿಲ್ಲಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಜೂನ್ ಕೊನೆಯಿಂದ ಡಿಸೆಂಬರ್‌ವರೆಗೆ ಕೂತು ದುಡಿದಿದ್ದೆ. ಅದಕ್ಕಿಂತ ಹೆಚ್ಚು ಹೆದರಿದ ಕಾಲ ನನ್ನ ಬದುಕಿನಲ್ಲಿಲ್ಲ. ಅದಕ್ಕಿಂತ ಹೆಚ್ಚು ಉಪಕಾರ ಪಡೆದ ಕಾಲವೂ ಇಲ್ಲ.

ನಮ್ಮೂರು ಮೆಟ್ರಿ. ಅವ್ವ ಹುಲಿಗೆಮ್ಮ, ಭತ್ತ ಹಚ್ಚುವ, ಅಂದರೆ ಸಸಿ ನಾಟಿ ಮಾಡುವ, ಹೆಂಗಸರ ಗುಂಪಿಗೆ ಮುಂದಾಳು. ಅಪ್ಪ ಹೊಲದ ಕೂಲಿ. ಮದುವೆಯಾದ ಮೇಲೆ ಅಪ್ಪ ಬುದ್ಧನ ದಾರಿ ಹಿಡಿದು ನನಗೆ ಸುಜಾತಾ ಎಂದೂ ತಂಗಿಗೆ ಯಶೋಧರಾ ಎಂದೂ ಹೆಸರಿಟ್ಟ. ಅವ್ವ ತನ್ನ ಹೆಸರನ್ನು ಬದಲಾಯಿಸಿಕೊಳ್ಳಲಿಲ್ಲ, ಆದರೆ ಒಂದು ಹಟ ಹಿಡಿದಳು: ಮಕ್ಕಳಿಬ್ಬರ ಕಾಲು ಗದ್ದೆಯ ಕೆಸರಿಗೆ ಇಳಿಯಬಾರದು. ಹಾಗಾಗಿ ನಾನು ಬಿ.ಎ. ಮುಗಿಸಿ, ಕಂಪ್ಯೂಟರ್ ಕೋರ್ಸು ಮಾಡಿ, ಕಮಲಾಪುರದ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರಾದೆ. ಐದು ವರ್ಷ ನಡೆಯಿತು. ಆ ವರ್ಷ ಮೇ ತಿಂಗಳಲ್ಲಿ, ಮಕ್ಕಳು ಕಡಿಮೆಯಾಗಿದ್ದಾರೆ, ಮುಂದಿನ ವರ್ಷದಿಂದ ಕಂಪ್ಯೂಟರ್ ವಿಷಯ ಇರುವುದಿಲ್ಲ ಎಂದು ಹೇಳಿ ನನ್ನನ್ನು ಬಿಡಿಸಿದರು. ತಂಗಿ ಯಶೋಧರಾ ಆಗ ಹೊಸಪೇಟೆಯಲ್ಲಿ ನರ್ಸಿಂಗ್ ಎರಡನೇ ವರ್ಷ. ಅವಳ ಫೀಸು ನನ್ನ ಸಂಬಳದಿಂದಲೇ ಹೋಗುತ್ತಿತ್ತು.

ಹಳೆಯ ಸಹೋದ್ಯೋಗಿಯೊಬ್ಬಳು ಮೊಬೈಲಿಗೆ ಒಂದು ಲಿಂಕ್ ಕಳಿಸಿದಳು. ಮನೆಯಿಂದಲೇ ಮಾಡುವ ಕೆಲಸ, ಕನ್ನಡ ಚೆನ್ನಾಗಿ ಬರಬೇಕು ಎಂದಿತ್ತು. ಆರೋಗ್ಯ ಸಲಹೆ ಕೊಡುವ ದೂರವಾಣಿ ಸೇವೆಯೊಂದಕ್ಕೆ ಜನ ಫೋನು ಮಾಡಿ ಮಾತಾಡಿದ ಮಾತುಗಳನ್ನು, ಹೆಸರು ಊರು ತೆಗೆದುಹಾಕಿ, ನಮಗೆ ಕಳಿಸುತ್ತಿದ್ದರು. ನಾವು ಕೇಳಿ, ಅವರು ಆಡಿದ ಹಾಗೆಯೇ ಒಂದಕ್ಷರ ಬಿಡದೆ ಟೈಪ್ ಮಾಡಬೇಕು. ನಿಮಿಷದ ಲೆಕ್ಕದಲ್ಲಿ ದುಡ್ಡು. ಪರೀಕ್ಷೆ ಕೊಟ್ಟೆ, ಪಾಸಾದೆ. ಮೈಸೂರಿನಿಂದ ಲತಾ ಎಂಬ ಮೇಡಂ ಫೋನು ಮಾಡಿ, "ನಿಮ್ಮ ಕಡೆಯ ಮಾತು ನಮ್ಮವರಿಗೆ ಸರಿಯಾಗಿ ಅರ್ಥ ಆಗಲ್ಲ, ನೀವು ಸಿಕ್ಕಿದ್ದು ಒಳ್ಳೇದಾಯ್ತು" ಎಂದರು. ನನಗೆ ಅದೇ ದೊಡ್ಡ ಸಂಬಳದಂತೆ ಕೇಳಿಸಿತು.

ಆದರೆ ಮೆಟ್ರಿಯಲ್ಲಿ ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮಾಳಿಗೆಯ ಮೇಲೆ, ಒಂದು ಮೂಲೆಯಲ್ಲಿ ನಿಂತರೆ ಸಿಗುತ್ತಿತ್ತು. ಲ್ಯಾಪ್‌ಟಾಪನ್ನು ಬೋರಲು ಹಾಕಿದ ಕೊಡದ ಮೇಲಿಟ್ಟು, ತಲೆಗೆ ಸೆರಗು ಹೊದ್ದು ಹದಿನೈದು ದಿನ ಮಾಡಿದೆ. ಮುಂಗಾರಿನ ಗಾಳಿ ಶುರುವಾಯಿತು. ಇಯರ್‌ಫೋನಿನೊಳಗೂ ಗಾಳಿಯೇ ಮಾತಾಡುತ್ತಿತ್ತು. ಒಂದು ಸಂಜೆ ಅವ್ವ ಮೇಲೆ ಹತ್ತಿ ಬಂದು ನನ್ನ ಅವಸ್ಥೆ ನೋಡಿ, "ಕಂಪ್ಲಿ ಗೌರಮ್ಮಾರನ್ನ ಕೇಳಿ ನೋಡು. ಅವರ ಮಿಲ್ಲಿನ್ಯಾಗ ಜನರೇಟರ್ ಐತಿ, ನೆಟ್ಟೂ ಇರ್ತೈತಿ" ಎಂದಳು.

ಗೌರಮ್ಮ ಆ ಮಿಲ್ಲಿನ ಒಡತಿ. ಲಿಂಗಾಯತರು, ತಲೆಮಾರುಗಳಿಂದ ಕಂಪ್ಲಿಯವರು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಮಿಲ್ಲನ್ನು ತಾವೇ ನಡೆಸುತ್ತಿದ್ದರು. ಯಂತ್ರದ ಡ್ರೈಯರ್ ಬರುವ ಮುಂಚೆ ಅವ್ವ ಆರು ವರ್ಷ ಅವರ ಅಂಗಳದಲ್ಲಿ ಬೆಂದ ಭತ್ತ ಒಣಗಿಸುವ ಕೆಲಸ ಮಾಡಿದ್ದಳು. ನಾನು ಹೋದಾಗ ಗೌರಮ್ಮ ಆಫೀಸಿನಲ್ಲಿ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಪರದೆಯನ್ನು ಶತ್ರುವನ್ನು ನೋಡಿದಂತೆ ನೋಡುತ್ತಿದ್ದರು. ನಾನು ಬಾಗಿಲ ಹೊರಗೇ ನಿಂತೆ.

"ಯಾರವಾ? ಒಳಗ ಬಾ."

"ನಾನ್ರಿ, ಮೆಟ್ರಿ ಹುಲಿಗೆಮ್ಮನ ಮಗಳು."

"ಟೀಚರ್ ಆಗೀಯಲ್ಲ, ಅಕಿನಾ? ಬಾ, ಬಾ. ಈ ಬಿಲ್ಲು ಮಾಡೋದು ಗೊತ್ತೈತೇನು ನಿನಗ? ಲಾರಿ ಹೊರಗ ನಿಂತೈತಿ, ಬಿಲ್ಲಾಗದ ಹೊರಡೋ ಹಂಗಿಲ್ಲ. ನಮ್ಮ ಗುಮಾಸ್ತಗ ಜ್ವರ."

ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಬಿಲ್ಲು ಮಾಡಿಕೊಟ್ಟೆ. ಲಾರಿ ಹೊರಟಿತು. ಆಮೇಲೆ ನನ್ನ ಮಾತು ಹೇಳಿದೆ. ಗೌರಮ್ಮ ಎದ್ದು ಕೀಲಿಗೊಂಚಲು ತೆಗೆದುಕೊಂಡು ಗೋದಾಮಿನ ಮೆಟ್ಟಿಲು ಹತ್ತಿದರು. ಮೇಲೆ ಅವರ ಗಂಡ ಹಿಂದೆ ಆಫೀಸು ಮಾಡಿಕೊಂಡಿದ್ದ ಕೋಣೆ. ಒಂದು ಮೇಜು, ಎರಡು ಕುರ್ಚಿ, ನದಿಯ ಕಡೆಗೆ ತೆರೆಯುವ ಕಿಟಕಿ. "ಬಾಡಿಗಿ ಬ್ಯಾಡ. ದಿನಾ ಬೆಳಿಗ್ಗೆ ಅರ್ಧ ತಾಸು ನನ್ನ ಬಿಲ್ಲು ಮಾಡಿಕೊಡು. ಉಳಿದ ಹೊತ್ತು ನಿಂದು" ಎಂದರು. ಆ ಮೂರು ಮಾತಿಗೆ ನಾನು ಈಗಲೂ ಋಣಿ.

ಮಿಲ್ಲಿನ ಸದ್ದು ಗೋಡೆಯೊಳಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಎರಡು ದಿನದಲ್ಲಿ ಅಭ್ಯಾಸವಾಯಿತು. ಕಿವಿಯೊಳಗೆ ಮಾತ್ರ ಇಡೀ ರಾಜ್ಯ ಮಾತಾಡುತ್ತಿತ್ತು. ಸಂಡೂರಿನ ಕಡೆಯ ಲಾರಿ ಡ್ರೈವರೊಬ್ಬ ಧೂಳಿಗೆ ಬಂದ ಕೆಮ್ಮಿನ ಬಗ್ಗೆ ಹೇಳುವನು, ಮಧ್ಯೆ ಮಧ್ಯೆ ಕೆಮ್ಮುವನು. ನಾನು "ಕೆಮ್ಮು" ಎಂದು ಆವರಣದಲ್ಲಿ ಬರೆಯಬೇಕು. ಅಜ್ಜಿಯೊಬ್ಬಳು ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕೆಂದು ಕೇಳಿ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ "ಹೋಳಿಗಿ?" ಎಂದು ಕೇಳುವಳು. ಒಬ್ಬಳೇ ಕೂತು ನಗುತ್ತಿದ್ದೆ. ಮೊದಲ ತಿಂಗಳು ಕೆಲಸ ಸುಖವಾಗಿತ್ತು.

ಎರಡನೇ ತಿಂಗಳಿಗೆ ಹೆದರಿಕೆ ಹತ್ತಿಕೊಂಡಿತು. ಮೊದಲ ತಿಂಗಳ ದುಡ್ಡು ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಬಂದಿತ್ತು. ಶಾಲೆಯಲ್ಲಾದರೆ ತಿಂಗಳ ಕೊನೆಗೆ ಎಷ್ಟು ಬರುತ್ತದೆಂದು ಗೊತ್ತು. ಇಲ್ಲಿ ಫೈಲು ಬಂದರೆ ಉಂಟು, ಬರದಿದ್ದರೆ ಇಲ್ಲ. ಫೈಲುಗಳು ಪಟ್ಟಿಯಲ್ಲಿ ಕಾಣಿಸಿಕೊಂಡ ಕೂಡಲೇ ಯಾರು ಮೊದಲು ಒತ್ತುತ್ತಾರೋ ಅವರಿಗೆ. ನಾನು ಒಂದನ್ನು ಟೈಪ್ ಮಾಡುತ್ತಲೇ ಐದು ನಿಮಿಷಕ್ಕೊಮ್ಮೆ ಪಟ್ಟಿ ತೆರೆದು ನೋಡುತ್ತಿದ್ದೆ. ಸಿಕ್ಕಿದ್ದನ್ನೆಲ್ಲ ಒತ್ತುತ್ತಿದ್ದೆ. ತಂಗಿಯ ಕಾಲೇಜಿನಿಂದ ಫೀಸಿನ ಸಂದೇಶ ಬಂತು, ಆಗಸ್ಟ್ ಕೊನೆಯೊಳಗೆ ಕಟ್ಟಬೇಕು. ಅದನ್ನು ದಿನಕ್ಕೆ ಹತ್ತು ಸಲ ಓದುತ್ತಿದ್ದೆ. ಓದಿದರೆ ಅಂಕಿ ಕಡಿಮೆಯಾಗುತ್ತದೋ ಎಂಬಂತೆ.

ಬೆಳಗಿನ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದೆ. ಊಟದ ಡಬ್ಬಿ ಎಷ್ಟೋ ದಿನ ತೆರೆಯದೇ ವಾಪಸ್ಸು ಬರುತ್ತಿತ್ತು. ಅವ್ವ ಕೇಳಿದರೆ "ಕೆಲಸ ಭಾಳ ಐತಿ, ಚೊಲೋ ನಡದೈತಿ" ಎನ್ನುತ್ತಿದ್ದೆ. ತಂಗಿ ಫೋನು ಮಾಡಿದರೂ ಅದೇ ಮಾತು. ಹದಿಮೂರು ತಾಸು ಕೂತರೂ ಕೆಲಸ ಆರು ತಾಸಿನಷ್ಟೇ ಆಗುತ್ತಿತ್ತು. ಉಳಿದದ್ದನ್ನು ಚಿಂತೆ ತಿನ್ನುತ್ತಿತ್ತು. ಆದರೆ ಅದು ಆಗ ನನಗೆ ಕಾಣಲಿಲ್ಲ. ಇನ್ನೂ ಹೆಚ್ಚು ಹೊತ್ತು ಕೂರಬೇಕು ಎಂದಷ್ಟೇ ಕಂಡಿತು.

ಆಗಸ್ಟ್ ಮೊದಲ ವಾರ. ಕಾಲುವೆಗೆ ನೀರು ಬಂದು ಹದಿನೈದು ದಿನವಾಗಿತ್ತು, ಕಂಪ್ಲಿಯ ಸುತ್ತ ಗದ್ದೆಗಳೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದವು. ಮಧ್ಯಾಹ್ನ ಲತಾ ಮೇಡಂ ಫೋನು ಬಂತು. ದನಿಯಲ್ಲಿ ಎಂದಿನ ಸಲುಗೆ ಇರಲಿಲ್ಲ.

"ಸುಜಾತಾ, ಶನಿವಾರ ಕಳಿಸಿದ ಒಂದು ಫೈಲು ತೆಗೆದು ನೋಡಿ. ಬಿ.ಪಿ. ಮಾತ್ರೆಯ ಬಗ್ಗೆ ನರ್ಸ್ ಹೇಳ್ತಾರಲ್ಲ, ಅದು. ನಾಲ್ಕನೇ ನಿಮಿಷ."

ತೆಗೆದು ಕೇಳಿದೆ. ನರ್ಸ್ ನಮ್ಮ ಕಡೆಯವಳೇ. "ಏನಾ ಆಗ್ಲಿ, ಗುಳಿಗಿ ಬಿಡಬ್ಯಾಡ್ರಿ" ಎಂದು ಸ್ಪಷ್ಟವಾಗಿ ಹೇಳುತ್ತಿದ್ದಾಳೆ. ನಾನು ಟೈಪ್ ಮಾಡಿದ್ದು: "ಏನಾ ಆಗ್ಲಿ, ಗುಳಿಗಿ ಬಿಡ್ರಿ."

ಮತ್ತೊಮ್ಮೆ ಹಾಕಿ ಕೇಳಿದೆ.

"ನಮ್ಮಲ್ಲಿ ಎರಡನೇ ಸಲ ನೋಡೋರು ಹಿಡಿದರು, ಪುಣ್ಯ," ಎಂದರು ಲತಾ. "ಇದನ್ನ ನೋಡಿ ಮುಂದೆ ಸಲಹೆಯ ಪುಸ್ತಕ ಮಾಡ್ತಾರೆ. ಈ ಒಂದು ಮಾತಿಂದ ಏನಾಗಬಹುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಇತ್ತೀಚಿನ ಫೈಲುಗಳಲ್ಲಿ ಇನ್ನೂ ತಪ್ಪುಗಳಿವೆ. ಹತ್ತು ದಿನ ನಿಮಗೆ ಹೊಸ ಫೈಲು ಬರೋದಿಲ್ಲ. ಎಲ್ಲಾನೂ ಪರಿಶೀಲಿಸಿ ಆಮೇಲೆ ತೀರ್ಮಾನ ಮಾಡ್ತೀವಿ."

ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು. ನಮ್ಮ ಮಾತು ನನಗೇ ಚೆನ್ನಾಗಿ ಗೊತ್ತು ಎಂದು ನನ್ನನ್ನು ತೆಗೆದುಕೊಂಡಿದ್ದರು. ಆ ಮಾತಲ್ಲೇ ನಾನು ತಪ್ಪಿದ್ದೆ.

ಮನೆಯಲ್ಲಿ ಹೇಳಲಿಲ್ಲ. ಮರುದಿನವೂ ಅದೇ ಬಸ್ಸಿಗೆ ಬಂದು, ಗೌರಮ್ಮನ ಬಿಲ್ಲು ಮಾಡಿ, ಮೇಲೆ ಹೋಗಿ ಖಾಲಿ ಪಟ್ಟಿಯ ಮುಂದೆ ಕೂತೆ. ಮೂರನೇ ದಿನ ಗೌರಮ್ಮ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿದ್ದವರು, ಸುಮ್ಮನೆ ಹತ್ತುವವರಲ್ಲ.

"ಎರಡು ದಿನಾತು, ಮ್ಯಾಲಿಂದ ಟಪಟಪ ಸಪ್ಪಳಾನ ಇಲ್ಲ. ಏನಾತು?"

ಅಳಬಾರದೆಂದುಕೊಂಡಿದ್ದೆ. ಅತ್ತೇಬಿಟ್ಟೆ. ಎಲ್ಲವನ್ನೂ ಹೇಳಿದೆ, ಗುಳಿಗೆಯ ಮಾತು, ಫೀಸಿನ ಮಾತು, ಡಬ್ಬಿ ತೆರೆಯದ ಮಾತು. ಮುಗಿದ ಮೇಲೆ, "ನಿಮ್ಮವ್ವಗ ಹೇಳೀಯೇನು?" ಎಂದರು.

"ಇಲ್ರೀ."

"ಮೊದಲು ಹೇಳು. ನಂಗ ಹೇಳಿ ಏನು ಬಂತು? ನಾ ಬಿಲ್ಲು ಮಾಡಾಕಾ ಬರದಾಕಿ."

ಆ ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, "ನಾಳೆ ನಮ್ಮ ಮಂದ್ಯಾಗ ಒಬ್ಬಾಕಿ ಬರಂಗಿಲ್ಲ. ನೀ ಬಾ" ಎಂದಳು.

ನಾನು ಅವಳ ಮುಖ ನೋಡಿದೆ. ನಮ್ಮನ್ನು ಕೆಸರಿಗೆ ಇಳಿಸುವುದಿಲ್ಲ ಎಂದು ಹಟ ಹಿಡಿದವಳು ಅವಳೇ.

"ಖಾಲಿ ಕುಂತ್ರ ತಲಿ ಕೆಡ್ತೈತಿ. ಎರಡು ದಿನ ಬಾ" ಎಂದಳು.

ಗದ್ದೆಯ ಬದುವಿನ ಮೇಲೆ ಹದಿನಾರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆವು. ತುಂತುರು ಮಳೆ. ಹೊಲದ ಗೌಡರು ಬೈಕಿನಲ್ಲಿ ಬಂದವರೇ, "ಹುಲಿಗೆಮ್ಮ, ಇವತ್ತು ಮೂರೂ ಎಕರೆ ಹಚ್ಚಿ ಮುಗಿಸಿಬಿಡ್ರಿ. ಬೇಕಾದ್ರ ಆರೂವರಿ ತನಕ ಇರ್ರಿ, ಮ್ಯಾಲ ಕೊಡ್ತೀನಿ" ಎಂದರು.

ಅವ್ವ ಗದ್ದೆಗೆ ಇಳಿಯದೇ ಅಲ್ಲೇ ನಿಂತು ಮಾತಾಡಿದಳು. "ಆಗಂಗಿಲ್ಲ ಗೌಡ್ರ. ಎರಡು ಎಕರೆ ಇವತ್ತು. ಉಳಿದಿದ್ದು ನಾಳೆ. ಐದಕ್ಕ ಮ್ಯಾಲೇಳ್ತೀವಿ."

"ಮ್ಯಾಲ ಕೊಡ್ತೀನಿ ಅಂದ್ನಲ್ಲ."

"ನೀವು ಕೊಡ್ತೀರಿ, ನಾವೂ ಹಚ್ತೀವಿ. ಸೋತ ಕೈಲೆ ಹಚ್ಚಿದ ಸಸಿ ಬೇರು ಹಿಡಿಯಂಗಿಲ್ರಿ, ಮ್ಯಾಲ ತೇಲ್ತೈತಿ. ಎಂಟು ದಿನ ಬಿಟ್ಟು ನೀವಾ ನಮ್ಮನಿ ಮುಂದ ಬಂದು ನಿಂದರ್ತೀರಿ, ಮತ್ತ ಹಚ್ಚು ಬಾ ಅಂತ."

ಗೌಡರು ನಕ್ಕುಬಿಟ್ಟರು. "ಆತು ಬಿಡವಾ, ನೀ ಹೇಳಿದಂಗ ಆಗ್ಲಿ" ಎಂದು ಬೈಕು ತಿರುಗಿಸಿದರು. ನನಗೆ ಆಶ್ಚರ್ಯವಾದದ್ದು ಅವ್ವನ ಧೈರ್ಯಕ್ಕಲ್ಲ, ಅವಳು ಅದನ್ನು ಧೈರ್ಯವೆಂದು ಅಂದುಕೊಂಡೇ ಇರಲಿಲ್ಲ ಎನ್ನುವುದಕ್ಕೆ. ಕೆಲಸ ಹಿಡಿಯುವ ಮುಂಚೆ ಆಡಬೇಕಾದ ಮಾತು ಅದು, ಅಷ್ಟೇ. ಎರಡು ತಿಂಗಳಲ್ಲಿ ನಾನು ಲತಾ ಮೇಡಂಗೆ "ಆಗುವುದಿಲ್ಲ" ಎಂದು ಒಂದು ಸಲವೂ ಹೇಳಿರಲಿಲ್ಲ. "ಎಷ್ಟು?" ಎಂದೂ ಕೇಳಿರಲಿಲ್ಲ.

ಅವ್ವ ನನ್ನನ್ನು ಸಾಲಿನ ನಡುವೆ ಹಾಕಿಕೊಂಡಳು. ಎರಡೂ ಬದಿಯವರು ನನ್ನ ಪಾಲಿನಲ್ಲಿ ಒಂದೆರಡು ಸಸಿ ತಾವೇ ಹಚ್ಚುತ್ತಾ ನನ್ನನ್ನು ಹಿಂದೆ ಬೀಳದಂತೆ ನೋಡಿಕೊಂಡರು. ಸೊಂಟ ಬಿದ್ದುಹೋಗುವಂತಾಯಿತು. ಮೊಬೈಲು ಬದುವಿನ ಮೇಲೆ ಡಬ್ಬಿಯೊಳಗಿತ್ತು. ಮಧ್ಯಾಹ್ನದವರೆಗೆ ಅದು ನೆನಪೇ ಆಗಲಿಲ್ಲವೆಂದು ಗೊತ್ತಾದದ್ದು ಊಟಕ್ಕೆ ಕೂತಾಗ. ಎರಡು ರೊಟ್ಟಿಯಾದ ಮೇಲೂ ನಾನು ತಿನ್ನುವುದನ್ನು ನಿಲ್ಲಿಸದ್ದನ್ನು ನೋಡಿ ಹೆಂಗಸರೆಲ್ಲ ನಕ್ಕರು.

ಊಟವಾದ ಮೇಲೆ ಅವ್ವ ಬಾಯಿಗೆ ಎಲೆ ಹಾಕಿಕೊಳ್ಳುತ್ತಾ ಕೇಳಿದಳು. "ನಿನ್ನ ಕೆಲಸದಾಗ ಯಾವಾಗ ಮ್ಯಾಲೇಳ್ತಿ?"

"ಅಂದ್ರ?"

"ಎಷ್ಟಕ್ಕ ಮುಗೀತೈತಿ ದಿನ?"

"ಮುಗಿಯಂಗಿಲ್ಲವಾ" ಎಂದೆ.

"ಹಂಗಾದ್ರ ಕೂಲಿ ಹೆಂಗ ಕೇಳ್ತಿ?" ಎಂದಳು. ಅಷ್ಟಕ್ಕೇ ಬಿಟ್ಟು ಎದ್ದು ನೀರು ಕುಡಿಯಲು ಹೋದಳು.

ಎರಡನೇ ದಿನದ ಕೆಲಸ ಮುಗಿದ ಮೇಲೆ ಅವಳೇ ಹೇಳಿದಳು, ನೀನು ಮಾಡುವುದು ಏನೆಂದು ನಾನೊಮ್ಮೆ ನೋಡಬೇಕು ಎಂದು. ಮರುದಿನ ನನ್ನ ಜೊತೆ ಕಂಪ್ಲಿಗೆ ಬಂದಳು. ಮಿಲ್ಲಿನ ಅಂಗಳದಲ್ಲಿ ಅವಳ ನಡಿಗೆ ತಾನಾಗಿ ನಿಧಾನವಾಯಿತು. ಆರು ವರ್ಷ ಅಲ್ಲಿ ಬಿಸಿಲಲ್ಲಿ ಭತ್ತ ಹರವಿದವಳು, ಆ ಮೆಟ್ಟಿಲನ್ನು ಒಮ್ಮೆಯೂ ಹತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟಳು.

ಆಫೀಸಿನ ಕಿಟಕಿಯಿಂದ ಗೌರಮ್ಮ ಕೂಗಿದರು. "ಹುಲಿಗೆಮ್ಮ, ಮ್ಯಾಲ ಹೋಗು, ಯಾಕ ಅಲ್ಲೇ ನಿಂತಿ? ಮಗಳ ಆಫೀಸು ನೋಡಾಕ ಯಾರದಾರ ಅಪ್ಪಣಿ ಬೇಕೇನು?"

ಅವ್ವ ಹತ್ತಿದಳು. ಕುರ್ಚಿಯಲ್ಲಿ ಕೂರಿಸಿ, ಅಭ್ಯಾಸಕ್ಕೆಂದು ಮೊದಲೇ ಕೊಟ್ಟಿದ್ದ ಹಳೆಯ ಫೈಲೊಂದನ್ನು ಹಾಕಿ, ಹೆಡ್‌ಫೋನನ್ನು ಅವಳ ತಲೆಗೆ ಏರಿಸಿದೆ. ಕಣ್ಣು ಅಗಲ ಮಾಡಿ ಕೇಳಿದಳು. ಒಬ್ಬ ಹೆಂಗಸು ತನ್ನ ಮಗುವಿನ ಭೇದಿಯ ಬಗ್ಗೆ ಹೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವ್ವ, "ಅಯ್ಯ, ಗಂಜಿ ಕುಡಿಸವಾ ಮೊದಲು" ಎಂದು ಪರದೆಗೇ ಹೇಳಿದಳು. ಹತ್ತು ನಿಮಿಷಕ್ಕೆ ಹೆಡ್‌ಫೋನು ತೆಗೆದು ಕಿವಿ ಉಜ್ಜಿಕೊಂಡಳು.

"ಇದು ಕೂಲಿಗಿಂತ ತ್ರಾಸಿನ ಕೆಲಸ. ದಿನಾಪೂರ್ತಿ ಹೆಂಗ ಕೇಳ್ತಿ? ಎಷ್ಟು ತಾಸು ಕಿವಿ ನೆಟ್ಟಗ ಕೇಳ್ತೈತಿ ಅಂತ ನೋಡಿಕೊಂಡೀಯೇನು?"

ನೋಡಿಕೊಂಡಿರಲಿಲ್ಲ.

ಅಷ್ಟರಲ್ಲಿ ಗೌರಮ್ಮ ಚಹಾ ತಂದರು. ಮೂರು ಸ್ಟೀಲ್ ಲೋಟ, ಮೂರೂ ಒಂದೇ ತರದವು, ಅವರ ಮನೆಯವು. ಎರಡನೇ ಕುರ್ಚಿಯಲ್ಲಿ ಕೂತು ತಮ್ಮ ಲೋಟ ಎತ್ತಿಕೊಂಡರು. ನಾನು ನಿಂತೇ ಕುಡಿದೆ. ಅವ್ವ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದಷ್ಟು ಹೊತ್ತು ಅದನ್ನೇ ನೋಡಿದಳು. ಆಮೇಲೆ ಊದಿ ಊದಿ ಕುಡಿದಳು.

ಚಹಾ ಕುಡಿಯುತ್ತಾ ಗೌರಮ್ಮ ತಮ್ಮ ಕಥೆ ಹೇಳಿದರು. "ನಮ್ಮನಿಯವ್ರು ತೀರಿಕೊಂಡ ವರ್ಷ ನಂಗೂ ಹಿಂಗಾ ಆಗಿತ್ತು. ಬೆಳಿಗ್ಗಿಂದ ಕರೆಂಟಿನ ಬಿಲ್ಲಿಂದಾ ಚಿಂತಿ. ಭತ್ತ ನೋಡಾಕ ಹೋದ್ರೂ ಅದಾ, ಪೂಜಿಗೆ ಕುಂತ್ರೂ ಅದಾ. ಒಂದಿನ ಹಬಿ ಕೊಡಬಾರದ ಭತ್ತಕ್ಕ ಹಬಿ ಕೊಡಿಸಿಬಿಟ್ಟೆ, ಇಡೀ ಒಂದು ಟ್ಯಾಂಕು ಭತ್ತ ಹಾಳಾತು. ಅವತ್ತ ಠರಾವು ಮಾಡಿದೆ. ಶುಕ್ರವಾರ ಮಧ್ಯಾಹ್ನ ಒಂದು ತಾಸು ಚಿಂತಿಗೆ. ಉಳಿದ ದಿನ ಅದು ಬಂದ್ರ, ಶುಕ್ರವಾರ ಬಾ ಅಂತೀನಿ."

"ಬರ್ತೈತೇನ್ರಿ ಶುಕ್ರವಾರ?" ಎಂದು ಅವ್ವ ಕೇಳಿದಳು.

"ಎಲ್ಲಿ ಬರ್ತೈತಿ! ಅರ್ಧಕ್ಕರ್ಧ ದಾರ್ಯಾಗಾ ಮರ್ತು ಹೋಗಿರ್ತಾವು."

ಇಬ್ಬರೂ ನಕ್ಕರು. ಎಷ್ಟೋ ದಿನದ ಮೇಲೆ ನಾನೂ ನಕ್ಕೆ.

ಉಳಿದ ನಾಲ್ಕು ದಿನ ಹಳೆಯ ಅಭ್ಯಾಸದ ಫೈಲುಗಳನ್ನೇ ತೆಗೆದು ನನ್ನನ್ನು ನಾನೇ ಪರೀಕ್ಷೆ ಮಾಡಿಕೊಂಡೆ. ತಾಸಿಗೆ ಎಷ್ಟು ತಪ್ಪು ಎಂದು ಬರೆದಿಟ್ಟೆ. ಬೆಳಗಿನ ಮೊದಲ ಎರಡು ತಾಸು ಹೆಚ್ಚುಕಡಿಮೆ ತಪ್ಪೇ ಇಲ್ಲ. ಮೂರನೆಯದರಲ್ಲಿ ಒಂದೆರಡು. ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದರೆ ಮತ್ತೆ ಒಂದೂವರೆ ತಾಸು ಕಿವಿ ಚುರುಕು. ಊಟದ ಮೇಲೆ ಹೊಸದನ್ನು ಕೇಳಿದರೆ ತಪ್ಪುಗಳ ಸಾಲು. ಆದರೆ ಬೆಳಿಗ್ಗೆ ಬರೆದದ್ದನ್ನು ಊಟದ ಮೇಲೆ ಮತ್ತೊಮ್ಮೆ ಓದಿದರೆ ಉಳಿದ ತಪ್ಪುಗಳು ಸಿಗುತ್ತಿದ್ದವು. ನನಗೆ ದಿನಕ್ಕೆ ಎಷ್ಟು ನಿಮಿಷದ ಮಾತು ದಕ್ಕುತ್ತದೆಂದು ಮೊದಲ ಸಲ ಗೊತ್ತಾಯಿತು. ಅದು ನಾನು ಹೆದರಿ ಹಿಡಿಯುತ್ತಿದ್ದುದರ ಅರ್ಧದಷ್ಟಿತ್ತು. ಸೋಜಿಗವೆಂದರೆ, ನಿಜವಾಗಿ ಮುಗಿಸುತ್ತಿದ್ದುದಕ್ಕಿಂತ ಜಾಸ್ತಿಯೇ ಇತ್ತು.

ಹತ್ತನೇ ದಿನ ನಾನೇ ಲತಾ ಮೇಡಂಗೆ ಫೋನು ಮಾಡಿದೆ. ಮೊದಲು ತಪ್ಪೊಪ್ಪಿಕೊಂಡೆ. ಆಮೇಲೆ, ಎರಡು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ.

"ಮೇಡಂ, ಇನ್ನೊಂದು ಅವಕಾಶ ಕೊಡುವುದಾದರೆ ನನ್ನದೊಂದು ಕೋರಿಕೆ. ಪಟ್ಟಿಯಲ್ಲಿ ಎಲ್ಲರ ಜೊತೆ ಓಡೋದು ನನ್ನಿಂದ ಆಗೋದಿಲ್ಲ. ದಿನಕ್ಕೆ ಇಷ್ಟು ನಿಮಿಷ ಅಂತ ನನಗೇ ಬೇರೆ ಇಟ್ಟುಬಿಡಿ. ನಮ್ಮ ಕಡೆಯ ಮಾತಿನ ಫೈಲುಗಳನ್ನೇ ಕೊಡಿ. ಸಂಜೆ ಐದರೊಳಗೆ ಎರಡು ಸಲ ನೋಡಿ ಕಳಿಸ್ತೀನಿ. ಐದರ ಮೇಲೆ ಬಂದದ್ದು ಮರುದಿನ."

ಕೆಳಗೆ ಬಾಯ್ಲರಿನ ಹಬೆ ಬಿಟ್ಟ ಸದ್ದು. ಮುಗಿಯಿತು ಎಂದುಕೊಂಡೆ.

"ಎಲ್ಲಾರೂ ಇನ್ನೂ ಜಾಸ್ತಿ ಕೊಡಿ ಅಂತಾನೇ ಕೇಳ್ತಾರೆ," ಎಂದರು ಲತಾ ಮೇಡಂ. "ಇಷ್ಟು ಸಾಕು ಅಂತ ಕೇಳಿದವರು ನೀವೇ ಮೊದಲು. ನಮಗೂ ನಾಳೆ ಇಷ್ಟು ಬರುತ್ತೆ ಅಂತ ಗೊತ್ತಿದ್ರೆ ಅನುಕೂಲ. ಎರಡು ವಾರ ನೋಡೋಣ."

ಇನ್ನು ಉಳಿದದ್ದು ತಂಗಿ. ಭಾನುವಾರ ಹೊಸಪೇಟೆಗೆ ಹೋಗಿ, ಹಾಸ್ಟೆಲಿನ ಹೊರಗೆ ಬೇವಿನ ಮರದ ಕೆಳಗೆ ಕೂತು, ಈ ಸಲ ಫೀಸು ಪೂರ್ತಿ ಆಗುವುದಿಲ್ಲ ಎಂದು ಹೇಳಿದೆ. ಅವಳು ಸಿಟ್ಟಾದಳು, ಆದರೆ ಫೀಸಿಗಲ್ಲ.

"ಎರಡು ತಿಂಗಳಿಂದ ನೀ ಒಬ್ಬಾಕೀನಾ ಇದನ್ನ ಹೊತ್ಕೊಂಡು ತಿರಗೀದಿ? ನಾ ಏನು ಸಣ್ಣ ಹುಡುಗೀನಾ? ನಮ್ಮ ಕ್ಲಾಸಿನ್ಯಾಗ ಅರ್ಧ ಮಂದಿ ಮೂರು ಕಂತಿನ್ಯಾಗ ಕಟ್ಟತಾರ. ಒಂದು ಅರ್ಜಿ ಬರದು ಕೊಟ್ರ ಮುಗೀತು. ಕೇಳಿದ್ರ ಹೇಳ್ತಿದ್ದೆ!"

ಸೋಮವಾರ ಅರ್ಜಿ ಕೊಟ್ಟಳು. ಬುಧವಾರ ಒಪ್ಪಿಗೆ ಸಿಕ್ಕಿತೆಂದು ಫೋನು ಮಾಡಿದಳು. ಎರಡು ತಿಂಗಳ ನನ್ನ ನಿದ್ದೆ ಹೋಗಿದ್ದು ಒಂದು ಹಾಳೆಯ ಅರ್ಜಿಗೆ. ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ.

ಅಲ್ಲಿಂದ ಮುಂದೆ ದಿನಗಳಿಗೆ ಒಂದು ಹದ ಬಂತು. ಬೆಳಿಗ್ಗೆ ಬಿಲ್ಲು ಮುಗಿಸಿ, ಮೊಬೈಲನ್ನು ಕೆಳಗೆ ಗೌರಮ್ಮನ ಮೇಜಿನ ಮೇಲೇ ಬಿಟ್ಟು ಮೇಲೆ ಹೋಗುತ್ತಿದ್ದೆ. ತುರ್ತು ಏನಾದರೂ ಬಂದರೆ ಅವರು ಕಿಟಕಿಯಿಂದ ಕೂಗುವರು. ನೆನಪಿದ್ದಂತೆ ಆ ನಾಲ್ಕು ತಿಂಗಳಲ್ಲಿ ಎರಡೇ ಸಲ ಕೂಗಿದರು. ಅದರಲ್ಲಿ ಒಂದು ಸಲ ಫೋನಿನಲ್ಲಿದ್ದವರು ಸಿಮ್ ಕಂಪನಿಯವರು. ಶುಕ್ರವಾರ ಮಧ್ಯಾಹ್ನ ಚಿಂತೆಯ ತಾಸಿಗೆಂದು ಇಬ್ಬರೂ ಆಫೀಸಿನಲ್ಲಿ ಎದುರುಬದುರು ಕೂತು ನಮ್ಮ ನಮ್ಮ ಲೆಕ್ಕದ ಪುಸ್ತಕ ತೆರೆಯುತ್ತಿದ್ದೆವು. ಒಂದು ತಾಸು ಬೇಕಾಗುತ್ತಿರಲಿಲ್ಲ. ಅರ್ಧ ತಾಸಿಗೇ ಗೌರಮ್ಮ ಪುಸ್ತಕ ಮುಚ್ಚಿ, "ಆತಿಲ್ಲ ನಿಂದು? ಮಂಡಕ್ಕಿ ತರಸ್ಲೇನು?" ಎನ್ನುವರು.

ದುಡ್ಡು ರಾಶಿ ಬರಲಿಲ್ಲ. ಶಾಲೆಯ ಸಂಬಳಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ತಿಂಗಳ ಮೊದಲೇ ಎಷ್ಟೆಂದು ಗೊತ್ತಿರುತ್ತಿತ್ತು. ಆ ಗೊತ್ತಿರುವಿಕೆಯೇ ಅರ್ಧ ಊಟವೆನಿಸುತ್ತಿತ್ತು. ಡಬ್ಬಿ ಖಾಲಿಯಾಗಿ ಮನೆಗೆ ಹೋಗತೊಡಗಿತು. ಮತ್ತೆ ಕಿವಿಯೊಳಗಿನ ಜನ ನನಗೆ ಜನರಾಗಿ ಕೇಳಿಸತೊಡಗಿದರು.

ನವೆಂಬರಿನಲ್ಲಿ ಸುಗ್ಗಿ. ಮಿಲ್ಲಿನ ಮುಂದೆ ಭತ್ತದ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ. ಅಂಥ ಒಂದು ದಿನ ಮಧ್ಯಾಹ್ನ ಗೌರಮ್ಮ ಮೊಬೈಲು ಹಿಡಿದು ಕಿಟಕಿಯಿಂದ ಕೂಗಿದರು. ಅದೇ ಎರಡನೇ ಸಲ. ಲತಾ ಮೇಡಂ.

"ಸುಜಾತಾ, ಒಂದು ದೊಡ್ಡ ಕಟ್ಟು ಫೈಲು ಬಂದಿದೆ. ಎಲ್ಲಾ ಬಳ್ಳಾರಿ ಕೊಪ್ಪಳ ಕಡೆಯ ಮಾತು. ಮೂರು ದಿನದಲ್ಲಿ ಬೇಕು. ಒಂದೂವರೆ ಪಟ್ಟು ಕೊಡ್ತೀವಿ."

ಒಂದೂವರೆ ಪಟ್ಟು ಎಂದ ಕೂಡಲೇ ಹಳೆಯ ಭಯ ಮತ್ತೆ ಎದ್ದು ಕೂತಿತು. ತಂಗಿಯ ಎರಡನೇ ಕಂತು ಹತ್ತಿರವಿತ್ತು. ಹೂಂ ಎನ್ನಲು ಬಾಯಿ ತೆರೆದವಳು ಸ್ವಲ್ಪ ತಡೆದೆ. ಮನಸ್ಸಿನಲ್ಲೇ ನಿಮಿಷಗಳನ್ನು ತಾಸುಗಳಿಗೆ ಹಂಚಿದೆ.

"ಮೇಡಂ, ಮೂರು ದಿನಕ್ಕೆ ಇದರಲ್ಲಿ ಅರ್ಧವೂ ಆಗೋದಿಲ್ಲ. ಅವಸರ ಮಾಡಿದರೆ ಮತ್ತೆ ತಪ್ಪಾಗುತ್ತೆ. ಎಂಟು ದಿನ ಕೊಟ್ಟರೆ ಪೂರ್ತಿ ನಾನೇ ಮಾಡ್ತೀನಿ, ಒಂದೂವರೆ ಪಟ್ಟೂ ಬೇಡ. ಇಲ್ಲಾಂದ್ರೆ ಬೇರೆಯವರಿಗೂ ಹಂಚಿ."

"ಒಂದು ನಿಮಿಷ ಇರಿ" ಎಂದು ಯಾರನ್ನೋ ಕೇಳಿ ಬಂದರು. "ಎಂಟು ದಿನ ಆಗಲಿ. ನೀವೇ ಮಾಡಿ. ಈ ಮಾತನ್ನ ಎರಡನೇ ಸಲ ತಿದ್ದೋ ಕಷ್ಟ ನಮಗೂ ಬೇಡ. ಒಂದೂವರೆ ಪಟ್ಟನ್ನ ಮಾತ್ರ ಬಿಟ್ಟುಕೊಡಬೇಡಿ, ಅದು ನಿಮ್ಮ ಕಡೆಯ ಮಾತು ಬಲ್ಲವರಿಗೆ ಅಂತಾನೇ ಇಟ್ಟಿದ್ದು."

ಫೋನು ಇಟ್ಟ ಮೇಲೆ ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಕೆಳಗೆ ಹಮಾಲರು ಚೀಲ ಹೊರುತ್ತಿದ್ದರು. ಗೌರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಏನಂತ?" ಎಂದರು. "ಎಂಟು ದಿನ ಕೊಟ್ರು" ಎಂದೆ. "ಮತ್ತ! ಬಾಯಿ ಬಿಟ್ಟು ಕೇಳಿದ್ರ ಕೊಡ್ತಾರ" ಎಂದು ಒಳಗೆ ಹೋದರು.

ಆ ಫೈಲುಗಳ ಕೊನೆಯದನ್ನು ಎಂಟನೇ ದಿನ, ಡಿಸೆಂಬರ್ ಶುರುವಿನ ಒಂದು ಮಧ್ಯಾಹ್ನ, ಎರಡನೇ ಸಲ ಓದಿ ಕಳಿಸಿದೆ. ಗಡಿಯಾರ ನೋಡಿದರೆ ನಾಲ್ಕೂವರೆ. ಲ್ಯಾಪ್‌ಟಾಪು ಮುಚ್ಚಿದೆ. ಆ ವಾರವೇ ನಮ್ಮೂರಿಗೆ ಇಂಟರ್‌ನೆಟ್ ಕೇಬಲ್ ಎಳೆದು ಮುಗಿಸಿದ್ದರು, ಮುಂದಿನ ತಿಂಗಳಿಂದ ಮನೆಯಲ್ಲೇ ಕೆಲಸ ಮಾಡಬಹುದಿತ್ತು. ಗೌರಮ್ಮನಿಗೆ ಅದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಒಳ್ಳೇದಾತು. ಆದ್ರ ಶುಕ್ರವಾರ ಬರೋದು ಬಿಡಬ್ಯಾಡ. ಒಬ್ಬಾಕಿನ ಕುಂತು ಚಿಂತಿ ಮಾಡಾಕ ನಂಗ ಬ್ಯಾಸರ." ನಾನು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ತಡೆದು ಎರಡೂ ಕೈ ಹಿಡಿದುಕೊಂಡರು.

ಬಸ್ಸಿಗೆ ನಿಂತಿದ್ದಾಗ ಟ್ರ್ಯಾಕ್ಟರೊಂದು ಬಂದು ನಿಂತಿತು. ಹಿಂದಿನ ಟ್ರಾಲಿಯಲ್ಲಿ ಅವ್ವ ಮತ್ತು ಅವಳ ಗುಂಪು. ಭತ್ತ ಕೊಯ್ಯಲು ಈಗ ಯಂತ್ರ ಬರುತ್ತದೆ. ಹೆಂಗಸರು ಆ ತಿಂಗಳು ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರು. ಅವರ ಕೈಬೆರಳುಗಳೆಲ್ಲ ಕೆಂಪಾಗಿದ್ದವು. "ಬಾರವಾ, ಹತ್ತು" ಎಂದು ಇಬ್ಬರು ಕೈ ಕೊಟ್ಟು ನನ್ನನ್ನು ಮೇಲಕ್ಕೆ ಎಳೆದುಕೊಂಡರು. ಸರಿದು ಜಾಗ ಮಾಡಿದರು. ಗದ್ದೆಗಳು ಕೊಯ್ದು ಬಯಲಾಗಿದ್ದವು, ದರೋಜಿಯ ಕಡೆಯ ಗುಡ್ಡಗಳ ಮೇಲೆ ಇನ್ನೂ ಒಳ್ಳೆಯ ಬಿಸಿಲಿತ್ತು. ಬಿಸಿಲಿರುವಾಗ ಮನೆಗೆ ಹೋಗುವುದು ಹೇಗಿರುತ್ತದೆಂದು ಅಷ್ಟು ದಿನವಾದರೂ ನನಗೆ ಹೊಸದೇ ಅನಿಸುತ್ತಿತ್ತು.

ಎದುರಿಗೆ ಕೂತಿದ್ದ ಹಿರಿಯ ಹೆಂಗಸೊಬ್ಬಳು ನನ್ನ ಬ್ಯಾಗಿನ ಕಡೆ ನೋಡಿ ಕೇಳಿದಳು. "ಏನವಾ ಟೀಚರ್, ನಿಂದೂ ಕೆಲಸ ಮುಗೀತೇನು ಇವತ್ತಿಂದು?"

"ಮುಗೀತು" ಎಂದೆ.

ಅವ್ವ ನನ್ನ ಕಡೆ ತಿರುಗಿ ನೋಡಿದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಅಂಗೈಗೆ ಸುರಿದಳು. ಮೆಟ್ರಿ ಬರುವವರೆಗೂ ಇಬ್ಬರೂ ಅದನ್ನು ಬಿಡಿಸಿಕೊಂಡು ತಿನ್ನುತ್ತಾ ಹೋದೆವು.